ಹಾಜರಿ ಫೋಟೊದಲ್ಲಿ ಮುಖ ಯಾಕೆ ಕಪ್ಪಾಯ್ತು? ಕ್ಯಾಮೆರಾ ಕಲಿಯುವ ವಿದ್ಯಾರ್ಥಿಗಳಿಗೆ ಒಂದಿಷ್ಟು ಮೊದಲ ಪಾಠಗಳು

2023ರ ಏಪ್ರಿಲ್. ಶಿಕಾರಿಪುರ ತಾಲ್ಲೂಕಿನ ಒಂದು ಕೆರೆಯಲ್ಲಿ ನರೇಗಾ ಹೂಳೆತ್ತುವ ಕೆಲಸ ನಡೀತಿತ್ತು. ವರದಿಗೆ ಅಂತ ಹೋಗಿದ್ದೆ. ಬೆಳಗಿನ ಹೊತ್ತು. ಕಾಯಕ ಬಂಧು ಆಗಿದ್ದ ಹೆಣ್ಣುಮಗಳು ಹತ್ತೊಂಬತ್ತು ಜನರನ್ನು ಕೆರೆ ಏರಿ ಮೇಲೆ ಸಾಲಾಗಿ ನಿಲ್ಲಿಸಿ, ತಾನು ಕೆಳಗೆ ನಿಂತು, ಫೋನಿನಲ್ಲಿ ಹಾಜರಿ ಫೋಟೊ ತೆಗೀತಿದ್ದರು. ಆಗಿನ್ನೂ ಮೇಲೇರುತ್ತಿದ್ದ ಸೂರ್ಯ ಸಾಲಿನವರ ಬೆನ್ನ ಹಿಂದಿದ್ದ.

ಫೋಟೊ ನೋಡಿದೆ. ಆಕಾಶ ಫಳಫಳ ಹೊಳೀತಿತ್ತು. ಜನ ಮಾತ್ರ ಹತ್ತೊಂಬತ್ತು ಕಪ್ಪು ಆಕಾರಗಳು. ಬುಟ್ಟಿ ಯಾವುದು, ತಲೆ ಯಾವುದು ಅಂತ ಹೇಳೋದೇ ಕಷ್ಟ.

"ಹೋದ ವಾರ ಹಿಂಗೇ ಆಗಿ, ಫೋಟೊದಲ್ಲಿ ತಲೆ ಲೆಕ್ಕ ತಾಳೆ ಆಗ್ತಿಲ್ಲ ಅಂತ ಮೂರು ಜನರದ್ದು ಒಂದಿನದ ಹಾಜರಿ ಹೋಯ್ತಣ್ಣ. ಫೋನು ಸರಿ ಇಲ್ಲ ನಂದು" ಅಂದರು ಆಕೆ.

ಆ ವರ್ಷ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 316 ರೂಪಾಯಿ. 2023ರ ಜನವರಿ 1ರಿಂದ, ವೈಯಕ್ತಿಕ ಫಲಾನುಭವಿ ಕಾಮಗಾರಿಗಳನ್ನು ಬಿಟ್ಟು ಉಳಿದೆಲ್ಲ ಕಡೆ, ಎನ್‌ಎಂಎಂಎಸ್ ಅನ್ನೋ ಆ್ಯಪ್‌ನಲ್ಲಿ ದಿನಕ್ಕೆ ಎರಡು ಸಲ ಸ್ಥಳ-ಸಮಯದ ಗುರುತಿರುವ ಫೋಟೊ ಹಾಕೋದು ಕಡ್ಡಾಯವಾಗಿತ್ತು. ಅಂದ್ರೆ ಬೆವರು ಸುರಿಸಿದರೆ ಸಾಲದು, ಆ ಬೆವರು ಫೋಟೊದಲ್ಲಿ ಕಾಣಬೇಕು. ಕಾಣದಿದ್ದರೆ ಕೂಲಿಗೇ ಕತ್ತರಿ.

ಫೋನು ಕೆಟ್ಟಿರಲಿಲ್ಲ. ಕ್ಯಾಮೆರಾ ಹೇಗೆ ಕೆಲಸ ಮಾಡುತ್ತೆ ಅಂತ ಆಕೆಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೇ. ಹದಿನೈದು ವರ್ಷದ ಹಿಂದೆ ನನಗೂ ಗೊತ್ತಿರಲಿಲ್ಲ. ಈಗ ಕ್ಯಾಮೆರಾ ಇಲ್ಲದ ವಿದ್ಯಾರ್ಥಿಯೇ ಇಲ್ಲ. ಹೋರಾಟಕ್ಕೆ ಹೋದರೂ, ಊರ ಜಾತ್ರೆಗೆ ಹೋದರೂ ಮೊದಲು ಹೊರಬರೋದು ಫೋನು. ಹಾಗಾಗಿ ನಾನು ತಡವಾಗಿ ಕಲಿತ ಕೆಲವು ಸಂಗತಿಗಳನ್ನು ನಮ್ಮ ಶಿಕಾರಿಪುರ-ಸೊರಬದ ಉದಾಹರಣೆಗಳ ಜೊತೆಗೇ ಇಲ್ಲಿ ಹೇಳ್ತೀನಿ.

ಕ್ಯಾಮೆರಾ ನೋಡಲ್ಲ, ಅಳೆಯುತ್ತೆ

ಇಂಜಿನಿಯರಿಂಗ್ ಓದುವಾಗ ಸೀನಿಯರ್ ಒಬ್ಬರಿಂದ ಸೆಕೆಂಡ್ ಹ್ಯಾಂಡ್ ಕ್ಯಾನನ್ 1000ಡಿ ಕೊಂಡಿದ್ದೆ. ಹತ್ತು ಮೆಗಾಪಿಕ್ಸೆಲ್, ಜೊತೆಗೊಂದು 18-55 ಲೆನ್ಸು. ಮೊದಲ ಆರು ತಿಂಗಳು ಡಯಲ್ಲನ್ನು ಹಸಿರು ಬಣ್ಣದ ಆಟೊ ಗುರುತಿನಿಂದ ಕದಲಿಸಲೇ ಇಲ್ಲ. ಸಿಗ್ನಲ್ ಪ್ರೊಸೆಸಿಂಗ್ ಪೇಪರ್‌ನಲ್ಲಿ ಒಳ್ಳೆ ಮಾರ್ಕ್ಸ್ ತಗೊಂಡಿದ್ದವನಿಗೆ, ಕೈಯಲ್ಲಿರೋ ಡಬ್ಬಿ ಅದೇ ಕೆಲಸ ಮಾಡ್ತಿದೆ ಅನ್ನೋದು ಹೊಳೆದಿರಲಿಲ್ಲ.

ಡಿಜಿಟಲ್ ಕ್ಯಾಮೆರಾ ಒಳಗಿರೋದು ಸೆನ್ಸರ್. ಲಕ್ಷಾಂತರ ಸಣ್ಣ ಸಣ್ಣ ಗುಂಡಿಗಳ ಒಂದು ಗದ್ದೆ ಅಂತಿಟ್ಟುಕೊಳ್ಳಿ. ಬೆಳಕು ಬಿದ್ದಷ್ಟೂ ಆಯಾ ಗುಂಡಿಯಲ್ಲಿ ವಿದ್ಯುದಾವೇಶ ತುಂಬುತ್ತೆ. ಕ್ಯಾಮೆರಾ ಪ್ರತಿ ಗುಂಡಿಯ ಮಟ್ಟವನ್ನು ಅಳೆದು ಒಂದು ಸಂಖ್ಯೆ ಬರೆದುಕೊಳ್ಳುತ್ತೆ. ಗುಂಡಿಗೆ ಬಣ್ಣ ಗೊತ್ತಿಲ್ಲ. ಅದಕ್ಕೇ ಮೇಲೆ ಕೆಂಪು, ಹಸಿರು, ನೀಲಿ ಸೋಸುಕಗಳ ಚೌಕಟ್ಟು ಕೂರಿಸಿರ್ತಾರೆ. ಹಸಿರಿಗೆ ಉಳಿದೆರಡರ ದುಪ್ಪಟ್ಟು ಜಾಗ, ಯಾಕಂದ್ರೆ ನಮ್ಮ ಕಣ್ಣು ಹಸಿರಿಗೆ ಹೆಚ್ಚು ಸೂಕ್ಷ್ಮ. ಕೊಡಕ್ ಕಂಪನಿಯ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಈ ವಿನ್ಯಾಸ ಇವತ್ತಿಗೂ ಹೆಚ್ಚಿನ ಫೋನುಗಳಲ್ಲಿದೆ. ಅದಕ್ಕೂ ಒಂದು ವರ್ಷ ಮೊದಲು ಅದೇ ಕಂಪನಿಯ ಸ್ಟೀವನ್ ಸ್ಯಾಸನ್ ಮಾಡಿದ ಮೊದಲ ಡಿಜಿಟಲ್ ಕ್ಯಾಮೆರಾ ಇದ್ದದ್ದು 0.01 ಮೆಗಾಪಿಕ್ಸೆಲ್. ಒಂದು ಚಿತ್ರವನ್ನು ಕ್ಯಾಸೆಟ್ಟಿಗೆ ಬರೆಯೋಕೆ 23 ಸೆಕೆಂಡು ಹಿಡೀತಿತ್ತು.

ಇಲ್ಲಿ ನೆನಪಿಡಬೇಕಾದ್ದು ಇಷ್ಟು: ಗುಂಡಿ ತುಂಬಿ ಹರಿದರೆ ಆ ಜಾಗ ಬರೀ ಬಿಳುಪು. ಗುಂಡಿಗೆ ಏನೂ ಬೀಳದಿದ್ದರೆ ಬರೀ ಕಪ್ಪು. ಎರಡರಲ್ಲೂ ಮಾಹಿತಿ ಇಲ್ಲ. ಆಮೇಲೆ ಯಾವ ಆ್ಯಪ್ ಹಾಕಿ ಎಳೆದಾಡಿದರೂ ಇಲ್ಲದ್ದು ಬರಲ್ಲ.

ತೂಬು, ಹೊತ್ತು ಮತ್ತು ಮೈಕ್‌ಸೆಟ್

ಸೆನ್ಸರ್‌ಗೆ ಎಷ್ಟು ಬೆಳಕು ಬಿಡಬೇಕು ಅನ್ನೋದೇ ಎಕ್ಸ್‌ಪೋಶರ್. ಕೆರೆ ನೀರು ಗದ್ದೆಗೆ ಬಿಟ್ಟು ಗೊತ್ತಿರುವವರಿಗೆ ಇದು ಸುಲಭ. ತೂಬನ್ನು ಎಷ್ಟು ಅಗಲ ತೆಗೀತೀರಿ, ಎಷ್ಟು ಹೊತ್ತು ತೆಗೆದಿಡ್ತೀರಿ, ಇವೆರಡರ ಮೇಲೆ ಗದ್ದೆಗೆ ಬರೋ ನೀರು ನಿಂತಿದೆ.

ತೂಬಿನ ಅಗಲವೇ ಅಪರ್ಚರ್. ಅದನ್ನು ಎಫ್/2.8, ಎಫ್/4, ಎಫ್/5.6, ಎಫ್/8, ಎಫ್/11 ಹೀಗೆ ಬರೀತಾರೆ. ಸಂಖ್ಯೆ ದೊಡ್ಡದಾದಷ್ಟೂ ರಂಧ್ರ ಚಿಕ್ಕದು. ಯಾಕಂದ್ರೆ ಅದು ಲೆನ್ಸಿನ ನಾಭಿದೂರವನ್ನು ರಂಧ್ರದ ವ್ಯಾಸದಿಂದ ಭಾಗಿಸಿ ಬಂದ ಸಂಖ್ಯೆ. ಒಂದೊಂದು ಮೆಟ್ಟಿಲಿಗೂ ಬೆಳಕು ಅರ್ಧ ಆಗುತ್ತೆ.

ಹೊತ್ತು ಅಂದ್ರೆ ಶಟರ್ ಸ್ಪೀಡ್. ಸೆಕೆಂಡಿನ 1/60, 1/125, 1/250. ಇಲ್ಲೂ ಒಂದೊಂದು ಮೆಟ್ಟಿಲಿಗೆ ಅರ್ಧ.

ಮೂರನೆಯದು ಐಎಸ್‌ಒ. ಇದನ್ನು 'ಸೆನ್ಸರ್‌ನ ಸೂಕ್ಷ್ಮತೆ' ಅಂತ ಹೇಳಿಕೊಡ್ತಾರೆ. ಅದು ಪೂರ್ತಿ ಸರಿಯಲ್ಲ. ಐಎಸ್‌ಒ ಹೆಚ್ಚಿಸಿದರೆ ಒಂದು ಹನಿ ಬೆಳಕೂ ಹೆಚ್ಚು ಬರಲ್ಲ. ಬಂದಿದ್ದನ್ನೇ ಜೋರು ಮಾಡುತ್ತೆ ಅಷ್ಟೇ. ಗಣಪತಿ ಪೆಂಡಾಲಿನ ಮೈಕ್‌ಸೆಟ್ ನೆನಪಿಸಿಕೊಳ್ಳಿ. ಭಾಷಣ ಮಾಡೋರ ದನಿ ಸಣ್ಣಗಿದ್ದರೆ ವಾಲ್ಯೂಮ್ ಏರಿಸ್ತಾರೆ. ದನಿಯ ಜೊತೆ ಗೊರಗೊರ ಸದ್ದೂ ಏರುತ್ತೆ. ಫೋಟೊದಲ್ಲಿ ಆ ಗೊರಗೊರವೇ ಮರಳು ಮರಳಾದ ಕಾಳು. ಅದನ್ನು ನಾಯ್ಸ್ ಅಂತಲೇ ಕರೀತಾರೆ.

ಈ ಮೂರೂ ಒಂದಕ್ಕೊಂದು ಸಾಲ-ಬಾಕಿ. ಒಂದು ಕಡೆ ಕಳಕೊಂಡ ಬೆಳಕನ್ನು ಇನ್ನೊಂದು ಕಡೆ ತುಂಬಿಕೊಡಲೇಬೇಕು.

ಹೋರಿ ಹಬ್ಬದಲ್ಲಿ ಕಲಿತ ಲೆಕ್ಕ

ನನಗಿದು ತಲೆಗೆ ಹೋದದ್ದು ಹೋರಿ ಹಬ್ಬದಲ್ಲಿ. ದೀಪಾವಳಿ ಮುಗಿದ ಮೇಲೆ ಶಿಕಾರಿಪುರ, ಸೊರಬ, ಆಚೆ ಹಾವೇರಿ-ಹಾನಗಲ್ ಕಡೆ ಹೋರಿ ಬೆದರಿಸುವ ಸ್ಪರ್ಧೆ ನಡೆಯೋದು ನಿಮಗೆ ಗೊತ್ತು. ಕೊಬ್ಬರಿ, ಬಲೂನು ಕಟ್ಟಿದ ಹೋರಿ ಅಖಾಡದಲ್ಲಿ ನುಗ್ಗಿ ಬರುತ್ತೆ, ಹುಡುಗರು ಕೊಬ್ಬರಿಗೆ ಕೈ ಹಾಕ್ತಾರೆ. ಸಂಜೆ ಐದರ ಹೊತ್ತಿಗೆ ಬೇಲಿ ಪಕ್ಕ ನಿಂತು ನಲವತ್ತು ಫೋಟೊ ತೆಗೆದೆ. ಮನೆಗೆ ಬಂದು ನೋಡಿದರೆ ನಲವತ್ತರಲ್ಲೂ ಬೇಲಿ ಸ್ಪಷ್ಟ, ಹೋರಿ ಮಾತ್ರ ಕಂದು ಬಣ್ಣದ ಮೋಡ.

ಆವತ್ತಿನ ಸೆಟ್ಟಿಂಗ್: ಎಫ್/5.6, 1/60 ಸೆಕೆಂಡು, ಐಎಸ್‌ಒ 200. ಓಡೋ ಹೋರಿಯನ್ನು ನಿಲ್ಲಿಸೋಕೆ ಕಡಿಮೆ ಅಂದರೂ 1/1000 ಬೇಕು. 60ರಿಂದ 125, 250, 500, 1000. ನಾಲ್ಕು ಮೆಟ್ಟಿಲು, ಅಂದ್ರೆ ಬೆಳಕು ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತೆ. ತೂಬು ಅಗಲ ಮಾಡೋಣ ಅಂದ್ರೆ ಪೂರ್ತಿ ಜೂಮಿನಲ್ಲಿ ನನ್ನ ಲೆನ್ಸಿಗೆ ಎಫ್/5.6ಕ್ಕಿಂತ ಅಗಲ ಇರಲಿಲ್ಲ. ಉಳಿದದ್ದು ಐಎಸ್‌ಒ: 200ರಿಂದ 400, 800, 1600. ಮೂರೇ ಮೆಟ್ಟಿಲು, ಅಲ್ಲಿಗೆ ಆ ಕ್ಯಾಮೆರಾದ ಮಿತಿ ಮುಗೀತು. ಸಿಕ್ಕಿದ್ದು 1/500. ಮರುವರ್ಷ ಒಂದು ಗಂಟೆ ಮೊದಲೇ ಹೋಗಿ ನಿಂತೆ. ಆ ಒಂದು ಗಂಟೆಯ ಬಿಸಿಲು ಐವತ್ತು ಸಾವಿರದ ಲೆನ್ಸಿನ ಕೆಲಸ ಮಾಡ್ತು.

ಈ ಲೆಕ್ಕ ನಿಮ್ಮ ಫೋನಿಗೂ ಅನ್ವಯ. ಹೆಚ್ಚಿನ ಫೋನುಗಳಲ್ಲಿ ಅಪರ್ಚರ್ ಬದಲಾಗಲ್ಲ. ಹಾಗಾಗಿ ಕತ್ತಲಾದಂತೆ ಫೋನು ಹೊತ್ತು ಹೆಚ್ಚಿಸುತ್ತೆ, ಐಎಸ್‌ಒ ಏರಿಸುತ್ತೆ, ಹಲವು ಚಿತ್ರಗಳನ್ನು ತೆಗೆದು ಬೆರೆಸಿ ಒಂದು ಮಾಡುತ್ತೆ. ರಾತ್ರಿಯ ಪಂಜಿನ ಮೆರವಣಿಗೆ ಫೋಟೊ ಮಸುಕಾಗೋದು ಇದಕ್ಕೇ. ಪೋರ್ಟ್ರೇಟ್ ಮೋಡ್‌ನಲ್ಲಿ ಹಿನ್ನೆಲೆ ಮಂಜಾಗೋದು ಹೆಚ್ಚಿನ ಮಟ್ಟಿಗೆ ಲೆನ್ಸಿನ ಕೆಲಸವಲ್ಲ, ಸಾಫ್ಟ್‌ವೇರ್ ಊಹೆ. ಅದಕ್ಕೇ ಒಮ್ಮೊಮ್ಮೆ ಕಿವಿಯೋಲೆಯೂ ಹಿನ್ನೆಲೆ ಜೊತೆ ಮಾಯವಾಗಿರುತ್ತೆ.

ಕ್ಯಾಮೆರಾಕ್ಕೆ ಲೋಕವೆಲ್ಲ ಬೂದು

ಈಗ ಕೆರೆ ಏರಿಗೆ ವಾಪಸ್ ಬರೋಣ. ಆಟೊದಲ್ಲಿ ಎಷ್ಟು ಬೆಳಕು ಬಿಡಬೇಕು ಅಂತ ಕ್ಯಾಮೆರಾ ಹೇಗೆ ನಿರ್ಧರಿಸುತ್ತೆ? ಅದಕ್ಕೊಂದು ಹಳೇ ನಂಬಿಕೆ ಇದೆ: ಎದುರಿನ ದೃಶ್ಯದ ಸರಾಸರಿ ಒಂದು ಮಧ್ಯಮ ಬೂದು ಬಣ್ಣಕ್ಕೆ ಸಮ. ಛಾಯಾಗ್ರಾಹಕರು ಬಳಸುವ ಬೂದು ಕಾರ್ಡು ಬಿದ್ದ ಬೆಳಕಿನ ಶೇ 18ರಷ್ಟನ್ನು ಹಿಂತಿರುಗಿಸುತ್ತೆ, ಹೆಚ್ಚುಕಡಿಮೆ ಅದೇ ಅಳತೆಗೋಲು. ಏನನ್ನು ತೋರಿಸಿದರೂ ಅದನ್ನು ಬೂದು ಮಾಡೋಕೆ ಕ್ಯಾಮೆರಾ ಹೊರಡುತ್ತೆ.

ಸೊರಬ ತಾಲ್ಲೂಕಿನ ಗುಡವಿ ಪಕ್ಷಿಧಾಮಕ್ಕೆ ಹೋಗಿ ಬೆಳ್ಳಕ್ಕಿ ಹಿಂಡನ್ನು ಹತ್ತಿರದಿಂದ, ಚೌಕಟ್ಟು ತುಂಬ ತೆಗೀರಿ. ಬೆಳ್ಳಕ್ಕಿ ಬೂದಕ್ಕಿ ಆಗಿರುತ್ತೆ. 'ಇದು ತುಂಬಾ ಬೆಳಗಿದೆ' ಅಂತ ಕ್ಯಾಮೆರಾ ಬೆಳಕು ಕಡಿಮೆ ಮಾಡಿತು. ಕರೀ ಹೋರಿಯನ್ನು ಚೌಕಟ್ಟು ತುಂಬ ತೆಗೆದರೆ ಅದೂ ಬೂದು. ಈ ಸಲ ಬೆಳಕು ಹೆಚ್ಚು ಮಾಡಿತು. ಇದನ್ನು ತಿದ್ದೋಕೆ ಇರೋದೇ ಪ್ಲಸ್-ಮೈನಸ್ ಗುಂಡಿ, ಎಕ್ಸ್‌ಪೋಶರ್ ಕಾಂಪನ್ಸೇಶನ್. ಬೆಳ್ಳಕ್ಕಿಗೆ ಪ್ಲಸ್ ಒಂದು, ಕರೀ ಹೋರಿಗೆ ಮೈನಸ್ ಒಂದು. ಫೋನಿನಲ್ಲಾದರೆ ಮುಖದ ಮೇಲೆ ಬೆರಳಿಟ್ಟು, ಪಕ್ಕದಲ್ಲಿ ಮೂಡೋ ಸೂರ್ಯನ ಚಿಹ್ನೆಯನ್ನು ಮೇಲಕ್ಕೆ ಜಾರಿಸಿದರೆ ಆಯ್ತು.

ಕೆರೆ ಏರಿ ಮೇಲೆ ಆದದ್ದು ಬೆಳ್ಳಕ್ಕಿಯ ಕತೆಯೇ. ಮುಕ್ಕಾಲು ಚೌಕಟ್ಟು ಹೊಳೆಯುವ ಆಕಾಶ. ಕ್ಯಾಮೆರಾ ಆಕಾಶಕ್ಕೆ ಹೆದರಿ ಬೆಳಕು ಕಡಿತ ಮಾಡಿತು. ಅದರ ಹೊಡೆತ ಬಿದ್ದದ್ದು ನೆರಳಲ್ಲಿದ್ದ ಮುಖಗಳಿಗೆ.

ಇದರಲ್ಲಿ ರಾಜಕೀಯ ಎಲ್ಲಿ ಬಂತು ಅಂತ ಕೇಳಬಹುದು. ನನ್ನ ಸೋದರಮಾವನದ್ದು ಶಿಕಾರಿಪುರದಲ್ಲಿ ಸಣ್ಣ ಸ್ಟುಡಿಯೊ ಇತ್ತು. ಪಾಸ್‌ಪೋರ್ಟ್ ಫೋಟೊಗೆ ಬಂದವರು ಸ್ವಲ್ಪ ಕಪ್ಪಗಿದ್ದರೆ, ಕನ್ನಡಿ ಹತ್ರ ಇಟ್ಟಿದ್ದ ಪೌಡರ್ ಡಬ್ಬಿ ತೋರಿಸಿ "ಒಂಚೂರು ಹಚ್ಕೊಂಡು ಬಾರಪ್ಪ" ಅನ್ನೋರು. ಮಾವ ಕೆಟ್ಟವರಲ್ಲ. ಅವರಿಗೆ ಕಲಿಸಿದ್ದೇ ಹಾಗೆ. ಮುಖ ಬೆಳಗಬೇಕಿದ್ದರೆ ಲೈಟು ತಿರುಗಿಸಬಹುದಿತ್ತು, ಎಕ್ಸ್‌ಪೋಶರ್ ಒಂದು ಮೆಟ್ಟಿಲು ಏರಿಸಬಹುದಿತ್ತು. ಆದರೆ ಯಂತ್ರ ಸರಿ, ಮುಖವೇ ತಪ್ಪು ಅಂತ ಎಲ್ಲರೂ ಒಪ್ಪಿಕೊಂಡಿದ್ದರು.

ಇದು ಶಿಕಾರಿಪುರದ ಕತೆ ಮಾತ್ರ ಅಲ್ಲ. ಕಲರ್ ಫಿಲ್ಮ್ ಕಾಲದಲ್ಲಿ ಪ್ರಿಂಟಿಂಗ್ ಲ್ಯಾಬುಗಳು ಬಣ್ಣ ಸರಿಹೊಂದಿಸೋಕೆ ಕೊಡಕ್‌ನ 'ಶರ್ಲಿ ಕಾರ್ಡ್' ಬಳಸ್ತಿದ್ದವು. ಅದರಲ್ಲಿ ದಶಕಗಳ ಕಾಲ ಇದ್ದದ್ದು ಬಿಳಿ ಹೆಣ್ಣಿನ ಚಿತ್ರ. ಆಕೆಯ ಚರ್ಮ ಚೆಂದ ಬಂದರೆ ಬಣ್ಣ ಸರಿಯಿದೆ ಅಂತ ಅರ್ಥ. ಕಪ್ಪು ಚರ್ಮದವರ ಮುಖದ ವಿವರಗಳು ಬರದೇ ಹೋಗ್ತಿದ್ದವು. 2018ರಲ್ಲಿ ಜಾಯ್ ಬುವೊಲಮ್ವಿನಿ ಮತ್ತು ಟಿಮ್ನಿಟ್ ಗೆಬ್ರು, ಮುಖ ನೋಡಿ ಲಿಂಗ ಗುರುತಿಸುವ ಸಾಫ್ಟ್‌ವೇರ್‌ಗಳನ್ನು ಪರೀಕ್ಷೆ ಮಾಡಿದರು. ತಿಳಿ ಬಣ್ಣದ ಗಂಡಸರಲ್ಲಿ ತಪ್ಪು ಹೆಚ್ಚೆಂದರೆ ಶೇ 0.8, ಕಪ್ಪು ಬಣ್ಣದ ಹೆಂಗಸರಲ್ಲಿ ಶೇ 34.7ರವರೆಗೆ. ಮುಖ ತೋರಿಸಿ ಹಾಜರಿ, ಮುಖ ತೋರಿಸಿ ಪಡಿತರ ಅನ್ನೋ ಕಾಲದಲ್ಲಿ ಈ ಅಂತರ ಯಾರ ತಲೆ ಮೇಲೆ ಬೀಳುತ್ತೆ ಅಂತ ಯೋಚಿಸಿ.

ನನ್ನದೂ ಒಂದು ತಪ್ಪಿದೆ. ಕೊನೇ ಸೆಮಿಸ್ಟರ್‌ನಲ್ಲಿ ಕ್ಲಾಸಿನ ಗ್ರೂಪ್ ಫೋಟೊ ತೆಗೆಯೋ ಜವಾಬ್ದಾರಿ ನನಗೆ ಬಂತು. ಎಲ್ಲರೂ ಬಿಳಿ ಅಂಗಿ. ಮುಂದಿನ ಸಾಲು ಬಿಸಿಲಲ್ಲಿ, ಹಿಂದಿನ ಸಾಲು ಮರದ ನೆರಳಲ್ಲಿ. ಆಟೊದಲ್ಲಿ ಒತ್ತಿದೆ. ಹಿಂದಿನ ಸಾಲಿನಲ್ಲಿದ್ದ ಸೊರಬದ ಗೆಳೆಯನೊಬ್ಬನ ಮುಖವೇ ಬಂದಿರಲಿಲ್ಲ; ಕಣ್ಣು, ಹಲ್ಲು ಮಾತ್ರ. ಪ್ರಿಂಟ್ ನೋಡಿ ಎಲ್ಲರೂ ನಕ್ಕರು. ಅವನೂ ನಕ್ಕ. ಆಮೇಲೆ ಯಾವ ಫೋಟೊಗೆ ಕರೆದರೂ "ನಾನೇ ತೆಗೀತೀನಿ ಬಿಡು" ಅಂತ ಕ್ಯಾಮೆರಾ ಹಿಂದೆ ಹೋಗಿ ನಿಲ್ಲೋಕೆ ಶುರು ಮಾಡಿದ.

ವರ್ಷಗಳ ಮೇಲೆ ಆ ಫೈಲ್ ತೆಗೆದು ಸರಿ ಮಾಡೋಕೆ ಕೂತೆ. ಅದು ಜೆಪೆಗ್. ಪ್ರತಿ ಬಣ್ಣಕ್ಕೆ 256 ಮಟ್ಟಗಳು ಮಾತ್ರ, ಮೇಲಿಂದ ಒತ್ತಿ ಕಿರಿದು ಮಾಡಿದ್ದು. ಕತ್ತಲ ಭಾಗ ಎತ್ತಿದರೆ ಮುಖ ಬರಲಿಲ್ಲ, ತೇಪೆ ತೇಪೆ ಬಂತು. ರಾ ಫೈಲ್ ಆಗಿದ್ದರೆ ಅದೇ ಕ್ಯಾಮೆರಾ 4,096 ಮಟ್ಟಗಳನ್ನು ಉಳಿಸಿಡ್ತಿತ್ತು. ಏನಾದರೂ ಸಿಕ್ತಿತ್ತೋ ಏನೋ. ಅವತ್ತು ಎಲ್ಲರನ್ನೂ ನೆರಳಿಗೆ ಸರಿಸಿದ್ದರೆ ಇದ್ಯಾವುದೂ ಬೇಕಿರಲಿಲ್ಲ.

ಕಲ್ಲಿನ ಮೇಲಿನ ಅಕ್ಷರ, ಓರೆ ಬೆಳಕು

ಬೆಳಕು ಎಷ್ಟು ಅನ್ನೋದರಷ್ಟೇ ಮುಖ್ಯ, ಎಲ್ಲಿಂದ ಅನ್ನೋದು. ಇದನ್ನು ಕಲಿಯೋಕೆ ಶಿಕಾರಿಪುರದಂಥ ತಾಲ್ಲೂಕು ಸಿಗೋದು ಕಷ್ಟ. ತಾಳಗುಂದದ ಪ್ರಣವೇಶ್ವರ ದೇವಸ್ಥಾನದ ಎದುರು ಕದಂಬರ ಸ್ತಂಭ ಶಾಸನ ಇದೆ. 2013ರ ಉತ್ಖನನದಲ್ಲಿ ಸಿಕ್ಕ ಸಿಂಹಕಟಾಂಜನ ಶಾಸನವೂ ಅಲ್ಲಿಯದೇ. ಅದು ಕ್ರಿ.ಶ. 370ರದ್ದು, ಹಲ್ಮಿಡಿಗಿಂತ ಹಳೆಯದು ಅನ್ನೋದು ಪುರಾತತ್ವ ಇಲಾಖೆಯವರ ಅಂದಾಜು. ಬಳ್ಳಿಗಾವಿಯಲ್ಲಿ 1047ರ ಗಂಡಭೇರುಂಡ ಸ್ತಂಭ, ಕೇದಾರೇಶ್ವರ, ತ್ರಿಪುರಾಂತಕೇಶ್ವರ. ಸೊರಬದ ಕಡೆ ಹೊಲದ ಬದುಗಳಲ್ಲೇ ವೀರಗಲ್ಲುಗಳು ನಿಂತಿವೆ.

ನಡುಮಧ್ಯಾಹ್ನ ಇವುಗಳ ಫೋಟೊ ತೆಗೆದರೆ ಕಲ್ಲು ಕಾಣುತ್ತೆ, ಅಕ್ಷರ ಕಾಣಲ್ಲ. ಅಕ್ಷರ ಅಂದ್ರೆ ಕಲ್ಲಿನಲ್ಲಿರೋ ಕೂದಲೆಳೆ ಆಳದ ಹಳ್ಳ. ಬೆಳಕು ನೇರ ಮುಖಕ್ಕೆ ಬಿದ್ದರೆ ಹಳ್ಳ-ದಿಬ್ಬ ಎರಡೂ ಒಂದೇ ಥರ ಬೆಳಗುತ್ತವೆ. ಬೆಳಕು ಪಕ್ಕದಿಂದ, ಮೇಲ್ಮೈಯನ್ನು ಸವರಿಕೊಂಡು ಹೋದರೆ ಪ್ರತಿ ಗೀರಿಗೂ ಒಂದು ನೆರಳು ಹುಟ್ಟುತ್ತೆ. ಬೆಳಗ್ಗೆ ಅಥವಾ ಸಂಜೆ ಹೋಗಿ. ಇಲ್ಲದಿದ್ದರೆ ಕಲ್ಲಿನ ಮೇಲೆ ಕೊಡೆಯ ನೆರಳು ಹಿಡಿದು, ಗೆಳೆಯನ ಕೈಗೆ ಫೋನಿನ ಟಾರ್ಚ್ ಕೊಟ್ಟು, ಕಲ್ಲಿಗೆ ಒತ್ತಿ ಪಕ್ಕದಿಂದ ಬೆಳಕು ಬಿಡಿಸಿ. ದಯವಿಟ್ಟು ಸುಣ್ಣ, ಹಿಟ್ಟು, ಎಣ್ಣೆ ಹಚ್ಚಬೇಡಿ. ಸಾವಿರ ವರ್ಷ ಮಳೆ ತಡೆದುಕೊಂಡ ಕಲ್ಲು ನಮ್ಮ ಒಂದು ರೀಲ್‌ಗೋಸ್ಕರ ಸವೆಯಬಾರದು.

ಈ ವಿದ್ಯೆಗೂ ಬಳ್ಳಿಗಾವಿಗೂ ಹಳೇ ನಂಟಿದೆ. 1865ರಲ್ಲಿ ಮೇಜರ್ ಡಿಕ್ಸನ್ ಅನ್ನೋ ಸೇನಾಧಿಕಾರಿ ಮೈಸೂರು ಸರ್ಕಾರಕ್ಕಾಗಿ ಸುಮಾರು 150 ಶಾಸನಗಳ ಫೋಟೊ ತೆಗೆದ. ಬಳ್ಳಿಗಾವಿಯ ಕಲ್ಲುಗಳೂ ಅದರಲ್ಲಿದ್ದವು. ಬಿ.ಎಲ್. ರೈಸ್ ಆ ಫೋಟೊಗಳನ್ನು ಓದಿ ಅನುವಾದ ಮಾಡಿದ್ದು 1879ರಲ್ಲಿ 'ಮೈಸೂರ್ ಇನ್‌ಸ್ಕ್ರಿಪ್ಷನ್ಸ್' ಪುಸ್ತಕವಾಗಿ ಬಂತು. ಮುಂದೆ 'ಎಪಿಗ್ರಾಫಿಯಾ ಕರ್ನಾಟಿಕಾ'ದ 7ನೇ ಸಂಪುಟದಲ್ಲಿ (1902) ಶಿಕಾರಿಪುರದ, 8ನೇ ಸಂಪುಟದಲ್ಲಿ (1904) ಸೊರಬದ ಶಾಸನಗಳು ಅಚ್ಚಾದವು. ಅಂದ್ರೆ ನಮ್ಮ ನೆಲದ ಚರಿತ್ರೆ ಪುಸ್ತಕಕ್ಕೆ ಬಂದ ದಾರಿಯಲ್ಲಿ ಕ್ಯಾಮೆರಾವೂ ಇತ್ತು. ಆಗ ಅದು ಆಳುವವರ ಕೈಯಲ್ಲಿತ್ತು. ಈಗ ನಮ್ಮ ಜೇಬಲ್ಲಿದೆ. ಹೊಲದ ಬದುವಿನ ವೀರಗಲ್ಲನ್ನು ಊರಿನ ಹುಡುಗಿಯೇ ಓರೆ ಬೆಳಕಲ್ಲಿ ತೆಗೆದು ಶಾಸನ ಓದಬಲ್ಲವರಿಗೆ ಕಳಿಸಬಹುದು.

ಬಣ್ಣದ ಬಗ್ಗೆಯೂ ಒಂದು ಮಾತು. ಬೆಳಕಿಗೆ ಬಣ್ಣ ಇದೆ. ಹಳೇ ಬಲ್ಬು ಹಳದಿ, ನೆರಳು ನೀಲಿ. ಇದನ್ನು ಸರಿದೂಗಿಸೋದು ವೈಟ್ ಬ್ಯಾಲೆನ್ಸ್. ಅಡಿಕೆ ಸ್ಯಾಂಪಲ್‌ನ ಫೋಟೊವನ್ನು ವಾಟ್ಸಾಪ್‌ನಲ್ಲಿ ಕಳಿಸಿ ರೇಟು ಕೇಳೋ ರೈತರಿಗೆ ಇದು ದುಡ್ಡಿನ ವಿಷಯ. ಪಕ್ಕದಲ್ಲೊಂದು ಬಿಳಿ ಹಾಳೆ ಇಟ್ಟು, ಹಗಲು ಬೆಳಕಲ್ಲಿ ತೆಗೀರಿ. ಹಾಳೆ ಬಿಳಿಯಾಗಿ ಕಂಡರೆ ಅಡಿಕೆ ಬಣ್ಣವೂ ನಂಬಬಹುದು.

ಎಷ್ಟು ಜನ ಸೇರಿದ್ದರು?

ಪ್ರತಿ ಸಮಾವೇಶದ ಮಾರನೇ ದಿನ ಎರಡು ಫೋಟೊ ಓಡಾಡುತ್ತವೆ. ಒಂದರಲ್ಲಿ ಜನಸಾಗರ, ಇನ್ನೊಂದರಲ್ಲಿ ಖಾಲಿ ಕುರ್ಚಿ. ಎರಡನ್ನೂ ಎಡಿಟ್ ಮಾಡದೆಯೇ ಒಂದೇ ಗಳಿಗೆಯಲ್ಲಿ ತೆಗೆಯಬಹುದು.

ಲೆಕ್ಕ ಸುಲಭ. ಎರಡು ಮೀಟರ್ ಅಂತರದಲ್ಲಿ ಒಬ್ಬರ ಹಿಂದೆ ಒಬ್ಬರು ನಿಂತಿದ್ದಾರೆ. ನೀವು ಮುಂದಿನವರಿಂದ ಎರಡು ಮೀಟರ್ ದೂರದಲ್ಲಿದ್ದರೆ ಹಿಂದಿನವರು ನಾಲ್ಕು ಮೀಟರ್ ದೂರ. ಅರ್ಧದಷ್ಟು ಕಾಣ್ತಾರೆ, ನಡುವಿನ ಜಾಗ ದೊಡ್ಡದೆನಿಸುತ್ತೆ. ನೀವೇ ಇಪ್ಪತ್ತು ಮೀಟರ್ ಹಿಂದೆ ಹೋಗಿ ಜೂಮ್ ಮಾಡಿದರೆ, 20 ಮತ್ತು 22 ಮೀಟರ್. ಇಬ್ಬರೂ ಹೆಚ್ಚುಕಡಿಮೆ ಒಂದೇ ಗಾತ್ರ, ಒಬ್ಬರಿಗೊಬ್ಬರು ಅಂಟಿ ನಿಂತ ಹಾಗೆ. ಇದನ್ನು ಮಾಡೋದು ಲೆನ್ಸಲ್ಲ, ನೀವು ನಿಂತ ಜಾಗ. ಜೂಮ್ ಆ ಭಾಗವನ್ನು ಕತ್ತರಿಸಿಕೊಡುತ್ತೆ ಅಷ್ಟೇ.

ಹಾಗಾಗಿ ಜನರ ಫೋಟೊ ನೋಡಿದ ತಕ್ಷಣ ಕೇಳಬೇಕಾದ ಪ್ರಶ್ನೆ: ತೆಗೆದವರು ಎಲ್ಲಿ ನಿಂತಿದ್ದರು? ನಮ್ಮ ಪರವಾದ ಫೋಟೊಗೂ ಅದೇ ಪ್ರಶ್ನೆ ಕೇಳಿ. ಹೋರಾಟದ ಫೋಟೊ ನೀವೇ ತೆಗೆಯೋದಾದರೆ ಒಂದು ಹತ್ತಿರದ್ದು, ಒಂದು ದೂರದ್ದು, ಒಂದು ಎತ್ತರದಿಂದ. ಮೂರನ್ನೂ ಹಂಚಿ.

ಕ್ಲಿಕ್ ಮಾಡಬಾರದ ಹೊತ್ತು

ಸೊರಬ ತಾಲ್ಲೂಕಿನ ಚಂದ್ರಗುತ್ತಿಯ ಬಗ್ಗೆ ಹೇಳದೆ ಈ ಪಾಠ ಮುಗಿಯಲ್ಲ. ಅಲ್ಲಿನ ರೇಣುಕಾಂಬೆ ಜಾತ್ರೆಯಲ್ಲಿ ಬೆತ್ತಲೆ ಸೇವೆ ನಡೀತಿತ್ತು. ಹರಕೆ ಹೊತ್ತು ಬರ್ತಿದ್ದವರಲ್ಲಿ ಹೆಚ್ಚಿನವರು ದಲಿತ, ಹಿಂದುಳಿದ ಸಮುದಾಯಗಳ ಬಡ ಹೆಣ್ಣುಮಕ್ಕಳು. ದಲಿತ ಸಂಘರ್ಷ ಸಮಿತಿ ಇದನ್ನು ವಿರೋಧಿಸಿ ನಿಂತಿತು. 1986ರ ಮಾರ್ಚ್‌ನಲ್ಲಿ ತಡೆಯಲು ಹೋದ ಕಾರ್ಯಕರ್ತರು, ಪೊಲೀಸರ ಮೇಲೆ ಹಲ್ಲೆ ಆಯ್ತು. ಮಹಿಳಾ ಪೊಲೀಸರನ್ನೂ ಬಿಡದೆ ಬಟ್ಟೆ ಕಿತ್ತು ಮೆರವಣಿಗೆ ಮಾಡಿದರು. ಅದಾದ ಮೇಲೆ ಸರ್ಕಾರ ಆ ಸೇವೆಯನ್ನು ನಿಷೇಧಿಸಿತು.

ಆ ಜಾತ್ರೆಗೆ ಕ್ಯಾಮೆರಾ ಹಿಡಿದು ಬಂದವರೂ ಇದ್ದರು. ಅನ್ಯಾಯ ಜಗತ್ತಿಗೆ ಗೊತ್ತಾಗಲಿ ಅಂತ ಬಂದವರು ಕೆಲವರು, ಬರೀ ನೋಡೋಕೆ ಬಂದವರು ಇನ್ನು ಕೆಲವರು. ಸೆನ್ಸರ್‌ಗೋ ಫಿಲ್ಮಿಗೋ ಇವರಿಬ್ಬರ ವ್ಯತ್ಯಾಸ ಗೊತ್ತಾಗಲ್ಲ. ಫೋಟೊದಲ್ಲಿರೋ ಹೆಣ್ಣುಮಗಳಿಗೂ ಗೊತ್ತಾಗಲ್ಲ. ಆಕೆಯ ಪಾಲಿಗೆ ಎರಡೂ ಒಂದೇ: ತನ್ನನ್ನು ಯಾರೂ ಕೇಳಲಿಲ್ಲ.

ಸಾಕ್ಷಿ ಬೇಕು ನಿಜ. ಆದರೆ ದೌರ್ಜನ್ಯಕ್ಕೆ ಸಾಕ್ಷಿಯಾಗೋಕೆ ಸಂತ್ರಸ್ತೆಯ ಮುಖವೇ ಬೇಕಿಲ್ಲ. ಸೇರಿದ ಗುಂಪು, ಕೈಕಟ್ಟಿ ನಿಂತ ಅಧಿಕಾರ, ಜಾಗ, ಹೊತ್ತು, ಇವೂ ಸಾಕ್ಷಿಯೇ. ಮೊಬೈಲ್ ಎತ್ತುವ ಮುಂಚೆ ನಾನು ಕೇಳಿಕೊಳ್ಳೋದು: ಫೋಟೊದಲ್ಲಿರೋರು ನಮ್ಮಕ್ಕನೋ ತಂಗಿಯೋ ಆಗಿದ್ದರೆ ಹೀಗೇ ತೆಗೀತಿದ್ದೆನಾ? ಇಲ್ಲ ಅಂತ ಉತ್ತರ ಬಂದರೆ ಮೊಬೈಲ್ ಕೆಳಗೆ.

ಫೈಲ್ ಜೋಪಾನ

ತೆಗೆದ ಫೋಟೊ ನಾಳೆ ಕೋರ್ಟಿಗೆ ಹೋಗಬಹುದು. ಪ್ರತಿ ಫೋಟೊ ಫೈಲಿನೊಳಗೆ ಎಕ್ಸಿಫ್ ಅನ್ನೋ ಟಿಪ್ಪಣಿ ಇರುತ್ತೆ: ದಿನಾಂಕ, ಸಮಯ, ಶಟರ್, ಐಎಸ್‌ಒ, ಲೊಕೇಶನ್ ಆನ್ ಇದ್ದರೆ ಜಾಗದ ಅಕ್ಷಾಂಶ-ರೇಖಾಂಶ. ವಾಟ್ಸಾಪ್‌ನಲ್ಲಿ ಮಾಮೂಲಿ ಫೋಟೊ ಆಗಿ ಕಳಿಸಿದರೆ ಇದೆಲ್ಲ ಉದುರಿಹೋಗಿ, ಚಿತ್ರವೂ ಕಿರಿದಾಗುತ್ತೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಮೂಲ ಫೈಲ್ ಹಾಗೇ ಹೋಗುತ್ತೆ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆ ಜೊತೆ ಪ್ರಮಾಣಪತ್ರ ಕೊಡಬೇಕು, ಅದರಲ್ಲಿ ಹ್ಯಾಶ್ ಮೌಲ್ಯ ನಮೂದಿಸಬೇಕು. ಹ್ಯಾಶ್ ಅಂದ್ರೆ ಫೈಲಿನ ಬೆರಳಚ್ಚು. ಒಂದೇ ಒಂದು ಪಿಕ್ಸೆಲ್ ತಿದ್ದಿದರೂ ಅದು ಪೂರ್ತಿ ಬದಲಾಗುತ್ತೆ. ಹಾಗಾಗಿ ಮೂಲ ಫೈಲನ್ನು ಮುಟ್ಟಬೇಡಿ, ಕ್ರಾಪ್ ಮಾಡೋದಿದ್ದರೆ ಪ್ರತಿಯಲ್ಲಿ ಮಾಡಿ. ಆದರೆ ಎಕ್ಸಿಫ್ ಎರಡು ಅಲಗಿನ ಕತ್ತಿ. ಹೋರಾಟಗಾರರ ಮನೆಯಲ್ಲಿ ತೆಗೆದ ಫೋಟೊವನ್ನು ಲೊಕೇಶನ್ ಸಮೇತ ಹಂಚಿದರೆ ವಿಳಾಸ ಕೊಟ್ಟ ಹಾಗೇ. ಸಾರ್ವಜನಿಕವಾಗಿ ಹಾಕುವ ಪ್ರತಿಯಲ್ಲಿ ಅದನ್ನು ಅಳಿಸಿ.

ಮೊದಲ ತಿಂಗಳಿಗೆ ನಾಲ್ಕು ಅಭ್ಯಾಸ

ದುಬಾರಿ ಕ್ಯಾಮೆರಾ ಬೇಡ. ಪ್ರೊ ಮೋಡ್ ಇರೋ ಯಾವ ಫೋನಾದರೂ ಸಾಕು.

ಮೊದಲ ವಾರ, ಒಂದೇ ಮುಖವನ್ನು ಬೆಳಗ್ಗೆ, ಮಧ್ಯಾಹ್ನ, ಸಂಜೆ, ಟ್ಯೂಬ್‌ಲೈಟ್ ಕೆಳಗೆ ತೆಗೀರಿ. ಪ್ರತಿ ಸಲ ಪ್ಲಸ್ ಒಂದು, ಸೊನ್ನೆ, ಮೈನಸ್ ಒಂದು. ಎರಡನೇ ವಾರ, ಓಡೋ ಬಸ್ಸನ್ನು 1/30ರಿಂದ 1/1000ವರೆಗೆ. ಮೂರನೇ ವಾರ, ಒಂದು ವೀರಗಲ್ಲೋ ಹಳೇ ಬಾಗಿಲ ಕೆತ್ತನೆಯೋ, ಟಾರ್ಚನ್ನು ಸುತ್ತ ತಿರುಗಿಸುತ್ತಾ ಎಂಟು ದಿಕ್ಕಿನಿಂದ. ನಾಲ್ಕನೇ ವಾರ, ಕೇಳಿ ಅನುಮತಿ ಪಡೆದು ಹತ್ತು ಅಪರಿಚಿತರ ಫೋಟೊ, ಮತ್ತು ತೆಗೆದದ್ದನ್ನು ಅವರಿಗೆ ತೋರಿಸೋದು. ಕೊನೆಯದೇ ಎಲ್ಲಕ್ಕಿಂತ ಕಷ್ಟದ್ದು.

ಕೆರೆ ಹತ್ರ ಅವತ್ತು ನಾನು ಮಾಡಿದ್ದು ದೊಡ್ಡದೇನಲ್ಲ. "ಅಕ್ಕಾ, ಎಲ್ಲರೂ ಏರಿಯಿಂದ ಕೆಳಗಿಳೀರಿ, ಸೂರ್ಯನಿಗೆ ಮುಖ ಮಾಡಿ ನಿಲ್ಲಿ" ಅಂದೆ. ಕಾಯಕ ಬಂಧು ಏರಿ ಮೇಲೆ ಹೋದರು, ಒಬ್ಬರ ಮುಖದ ಮೇಲೆ ಬೆರಳಿಟ್ಟು ಸೂರ್ಯನ ಚಿಹ್ನೆ ಜಾರಿಸಿ ಒತ್ತಿದರು. ಹತ್ತೊಂಬತ್ತೂ ಮುಖ ಬಂತು. ಅದೇ ಫೋನು. ಹಿರಿಯರೊಬ್ಬರು ಸ್ಕ್ರೀನ್ ಹತ್ರ ಬಾಗಿ ನೋಡಿ "ಹ್ಞಾಂ, ಈಗ ನಾನಂತ ಗೊತ್ತಾಗ್ತದೆ" ಅಂದು ಬುಟ್ಟಿ ಎತ್ತಿಕೊಂಡು ಹೊರಟರು.

ಆದರೆ ಇದನ್ನು ಕಲಿತರೆ ಎಲ್ಲ ಸರಿಹೋಯ್ತು ಅಂತಲ್ಲ. ಫೋಟೊ ಹಾಜರಿಯಿಂದ ಕಳ್ಳತನ ನಿಲ್ಲುತ್ತೆ ಅಂದಿದ್ದ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ 2025ರ ಜುಲೈನಲ್ಲಿ ರಾಜ್ಯಗಳಿಗೆ ಬರೆದು, ಸಂಬಂಧವಿಲ್ಲದ ಫೋಟೊ, ಫೋಟೊದ ಫೋಟೊ ಅಪ್‌ಲೋಡ್ ಆಗ್ತಿವೆ ಅಂತ ಒಪ್ಪಿಕೊಂಡಿತು. ಮೋಸ ಮಾಡೋರಿಗೆ ದಾರಿ ಸಿಕ್ಕಿತು. ಸಿಕ್ಕಿಬಿದ್ದದ್ದು ಬಿಸಿಲಿಗೆ ಬೆನ್ನು ಮಾಡಿ ನಿಂತವರು. ಒಬ್ಬರ ಕೂಲಿಯನ್ನು ಒಂದು ಫೋಟೊಗೆ ಕಟ್ಟಿಹಾಕುವ ಸರ್ಕಾರ, ಆ ಫೋಟೊ ತೆಗೆಯೋದನ್ನು ಕಲಿಸಬೇಕು, ಬಾರದಿದ್ದಾಗ ತಿದ್ದಲು ದಾರಿ ಇಡಬೇಕು. ಎರಡೂ ಇಲ್ಲದಿದ್ದರೆ ಅದನ್ನು ಪಾರದರ್ಶಕತೆ ಅನ್ನೋಕಾಗಲ್ಲ. ಈ ಪ್ರಶ್ನೆ ಕೇಳೋಕೆ ಕ್ಯಾಮೆರಾ ಹೇಗೆ ಕೆಲಸ ಮಾಡುತ್ತೆ ಅಂತ ನಮಗೆ ಗೊತ್ತಿರಬೇಕು. ಇಲ್ಲದಿದ್ದರೆ 'ಫೋನು ಸರಿ ಇಲ್ಲ', 'ಮುಖ ಸರಿ ಇಲ್ಲ' ಅಂತ ನಾವೇ ಒಪ್ಪಿಕೊಂಡು ಬಿಡ್ತೀವಿ.

ಹಿಂದಿನ ವಾರ ಹೋದ ಆ ಮೂರು ಜನರ ಹಾಜರಿ ವಾಪಸ್ ಬರಲಿಲ್ಲ. ತಲಾ 316 ರೂಪಾಯಿ.